ಗಿಡದ ಹಗಲನ್ನು ರಾತ್ರಿಗೆ ಸರಿಸಿ: ಮನೆಯಲ್ಲೇ ಮಾಡುವ ಎಲ್‌ಇಡಿ ಗ್ರೋ ಲೈಟ್

ಪ್ರಶ್ನೆ: ರಾಯಚೂರಿನಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ. ಕಿಟಕಿ ತೆಗೆದರೆ ಮೂರಡಿ ಆಚೆ ಪಕ್ಕದ ಮನೆಯ ಗೋಡೆ. ಮಾಳಿಗೆ ಮೇಲೆ ಕುಂಡ ಇಡಲು ಮಾಲೀಕರು ಬಿಡುವುದಿಲ್ಲ. ಒಳಗೇ ಕೊತ್ತಂಬರಿ, ಮೆಂತ್ಯ, ಪುದೀನ ಬೆಳೆಯೋಣ ಅಂತ ಆನ್‌ಲೈನಲ್ಲಿ '1000 ವ್ಯಾಟ್' ಎಂದು ಬರೆದಿದ್ದ ನೇರಳೆ ಬಣ್ಣದ ಗ್ರೋ ಲೈಟ್ (ಬಿಸಿಲಿನ ಬದಲು ಗಿಡಕ್ಕೆ ಹಾಕುವ ದೀಪ) ತರಿಸಿದೆ. ಸಸಿಗಳು ದಾರದ ಹಾಗೆ ಉದ್ದ ಬೆಳೆದು ಬಿದ್ದವು. ಮೇ ತಿಂಗಳಲ್ಲಿ ಲೈಟಿನೊಳಗಿನ ಪುಟ್ಟ ಎಲ್‌ಇಡಿಗಳಲ್ಲಿ, ಅಂದರೆ ಬೀಡ್‌ಗಳಲ್ಲಿ, ಅರ್ಧದಷ್ಟು ಬೀಡ್‌ಗಳು ಆರಿಹೋದವು. ನನಗೆ ಸೋಲ್ಡರಿಂಗ್ ಅಷ್ಟಿಷ್ಟು ಬರುತ್ತದೆ. ನಾನೇ ಮಾಡಿಕೊಳ್ಳಬಹುದೇ? ಯಾವ ಎಲ್‌ಇಡಿ, ಎಷ್ಟು ವ್ಯಾಟ್, ಯಾವ ಬಣ್ಣ? ಮೆಣಸಿನಕಾಯಿ ಸಸಿಯನ್ನೂ ಬೆಳೆಸಬಹುದೇ? ಕರೆಂಟ್ ಬಿಲ್ ಎಷ್ಟು ಬರಬಹುದು?

ಉತ್ತರ: ಮಾಡಿಕೊಳ್ಳಬಹುದು. ಸೋಲ್ಡರಿಂಗ್ ಬರದಿದ್ದರೂ ಮಾಡಿಕೊಳ್ಳಬಹುದು. ನಾನು ಬಳ್ಳಾರಿಯವನು. ಎಲೆಕ್ಟ್ರಾನಿಕ್ಸ್ ರಿಪೇರಿ ನನ್ನ ಕಸುಬು, ಮನೆಯೊಳಗಿನ ಗಿಡ ನನ್ನ ಹುಚ್ಚು. ಹೊರಗೆ ಅಷ್ಟೊಂದು ಬಿಸಿಲು ಪುಕ್ಕಟೆ ಬೀಳುತ್ತಿರುವಾಗ ಒಳಗೆ ಕರೆಂಟ್ ಉರಿಸಿ ಕೊತ್ತಂಬರಿ ಬೆಳೆಯುವವನನ್ನು ನೋಡಿ ಮನೆಯವಳು ಈಗಲೂ ನಗುತ್ತಾಳೆ. ನಗಲಿ. ರೊಟ್ಟಿ ಜೊತೆ ತಿನ್ನೋದಕ್ಕೆ ಆಗಷ್ಟೇ ಕಿತ್ತ ಎಳೆ ಮೆಂತ್ಯ ಸಿಗುತ್ತದಲ್ಲ, ಆಗ ನಗು ನಿಲ್ಲುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗ್ರೋ ಲೈಟ್ ಬಗ್ಗೆ ನೀವು ನೋಡಿರುವ ವೀಡಿಯೊಗಳಲ್ಲಿ ಹೆಚ್ಚಿನವು ಚಳಿ ದೇಶದವರು ಮಾಡಿದ್ದು. ಅವರಿಗೆ ಬೆಳಕಿನದೇ ಚಿಂತೆ. ಲೈಟಿನಿಂದ ಬರುವ ಕಾವು ಅವರಿಗೆ ಒಂಥರಾ ಲಾಭ, ಗಿಡ ಬೆಚ್ಚಗಿರುತ್ತದೆ. ನಮ್ಮ ಕಡೆ ಲೆಕ್ಕ ಉಲ್ಟಾ. ಇಲ್ಲಿ ಬೆಳಕು ಅಗ್ಗ, ತಂಪು ದುಬಾರಿ. ನಿಮ್ಮ ಲೈಟ್ ಸತ್ತಿದ್ದೂ ಕಾವಿನಿಂದ, ಮುಂದೆ ನೀವು ಮಾಡುವ ಲೈಟನ್ನು ಉಳಿಸಿಕೊಳ್ಳಬೇಕಾದದ್ದೂ ಕಾವಿನಿಂದ.

ಮೊದಲು ಆ 1000 ವ್ಯಾಟಿನ ಕಥೆ ನೋಡೋಣ. ನಿಮ್ಮ ಮನೆಯ ಕರೆಂಟ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲಿ '3200 ಇಂಪಲ್ಸ್' ಅಂತಲೋ '1600' ಅಂತಲೋ ಬರೆದಿರುತ್ತದೆ. ಅಂದರೆ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. ಮನೆಯಲ್ಲಿ ಫ್ರಿಜ್ಜಿನಿಂದ ಹಿಡಿದು ಎಲ್ಲವನ್ನೂ ಐದು ನಿಮಿಷ ಆರಿಸಿ, ಗ್ರೋ ಲೈಟ್ ಒಂದನ್ನೇ ಹಾಕಿ. ಒಂದು ಮಿನುಗಿನಿಂದ ಇನ್ನೊಂದು ಮಿನುಗಿಗೆ ಎಷ್ಟು ಸೆಕೆಂಡ್ ಅಂತ ಮೊಬೈಲಿನ ಸ್ಟಾಪ್‌ವಾಚಲ್ಲಿ ನೋಡಿ. 3200ರ ಮೀಟರ್ ಆದರೆ 1125ನ್ನು ಆ ಸೆಕೆಂಡಿನಿಂದ ಭಾಗಿಸಿ. ಬಂದದ್ದೇ ವ್ಯಾಟ್. 1600ರ ಮೀಟರ್ ಆದರೆ 2250ನ್ನು ಭಾಗಿಸಿ. ನಿಜಕ್ಕೂ 1000 ವ್ಯಾಟ್ ಇದ್ದರೆ ಸೆಕೆಂಡಿಗೊಮ್ಮೆ ಕಣ್ಣು ಮಿಟುಕಿಸಿದ ಹಾಗೆ ಮಿನುಗಬೇಕು. ನನ್ನ ಹತ್ತಿರ ರಿಪೇರಿಗೆ ಬಂದಿದ್ದ ಅಂಥದೇ ಒಂದು ಲೈಟಿಗೆ 14 ಸೆಕೆಂಡ್ ಹಿಡಿಯಿತು. 80 ವ್ಯಾಟ್! ಡಬ್ಬಿಯ ಮೇಲಿನ 1000 ಅನ್ನೋದು ಬೀಡ್‌ಗಳ ಗರಿಷ್ಠ ಶಕ್ತಿಯನ್ನು ಕೂಡಿಸಿ ಬರೆದ ಅಂಕಿ. ಉರಿಯುವ ವ್ಯಾಟ್ ಅದಲ್ಲ.

ಅರ್ಧ ಬೀಡ್ ಆರಿದ್ದಕ್ಕೂ ಕಾರಣ ಇದೆ. ಬೀಡ್‌ಗಳನ್ನು ಮಾಲೆಯ ಹಾಗೆ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಎರಡು ಮಾಲೆ ಇದ್ದು, ಒಂದು ಮಾಲೆಯಲ್ಲಿ ಒಂದೇ ಒಂದು ಬೀಡ್ ಸುಟ್ಟರೂ ಆ ಸಾಲು ಪೂರ್ತಿ ಆರುತ್ತದೆ. ಸತ್ತಿರುವುದು ಒಂದೇ ಇರಬಹುದು. ಇದಕ್ಕೆ ಕೊನೆಯಲ್ಲಿ ಬರುತ್ತೇನೆ.

ಇನ್ನು ಸಸಿ ದಾರದ ಹಾಗೆ ಆಗಿದ್ದು ಬೆಳಕು ಸಾಲದೆ. 'ಲೈಟ್ ಕಣ್ಣು ಕುಕ್ಕುತ್ತಿತ್ತಲ್ಲ' ಅನ್ನಬಹುದು ನೀವು. ಕಣ್ಣನ್ನು ನಂಬಬೇಡಿ. ನಮ್ಮ ಕಣ್ಣಿನ ಪಾಪೆ ಕತ್ತಲಿದ್ದರೆ ಹಿಗ್ಗುತ್ತದೆ, ಬೆಳಕಿದ್ದರೆ ಕುಗ್ಗುತ್ತದೆ, ಒಳಗಿನ ಅಕ್ಷಿಪಟಲವೂ ಬೆಳಕಿಗೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಹಾಗಾಗಿ ನೂರುಪಟ್ಟು ವ್ಯತ್ಯಾಸವೂ ನಮಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಳತೆ ಲಕ್ಸ್. ನಡು ಮಧ್ಯಾಹ್ನ ಬಯಲಲ್ಲಿ ಲಕ್ಸ್ ಮೀಟರ್ ಹಿಡಿದರೆ 1,00,000 ದಾಟುತ್ತದೆ. ರಾತ್ರಿ ಟ್ಯೂಬ್‌ಲೈಟ್ ಹಾಕಿದ ಹಾಲಿನಲ್ಲಿ 100ರಿಂದ 200 ಇರುತ್ತದೆ ಅಷ್ಟೇ. ನಮಗೆ ಪೇಪರ್ ಓದೋದಕ್ಕೆ ಅದು ಧಾರಾಳ. ಗಿಡಕ್ಕೆ ಅದು ಅಮಾವಾಸ್ಯೆ.

ಗಿಡದ ಬೆಳಕನ್ನು ಅಳೆಯುವವರು ಲಕ್ಸ್ ಬಳಸುವುದಿಲ್ಲ, ಮೈಕ್ರೋಮೋಲ್ ಅಂತಾರೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಬೀಳುವ ಬೆಳಕಿನ ಕಣಗಳ ಲೆಕ್ಕ ಅದು. ಅದಕ್ಕೆ ಬೇರೆಯೇ ದುಬಾರಿ ಮೀಟರ್ ಬೇಕು. ಬೇಡ ಬಿಡಿ. ಬಿಳಿ ಎಲ್‌ಇಡಿ ಆದರೆ ಲಕ್ಸನ್ನು 70ರಿಂದ ಭಾಗಿಸಿ, ನಮ್ಮ ಕೆಲಸಕ್ಕೆ ಸಾಕಷ್ಟು ಹತ್ತಿರದ ಉತ್ತರ ಬರುತ್ತದೆ. ಲಕ್ಸ್ ತೋರಿಸುವ ಆ್ಯಪ್ ಮೊಬೈಲಿಗೆ ಪುಕ್ಕಟೆ ಸಿಗುತ್ತದೆ. ಸೊಪ್ಪಿಗೆ 200 ಮೈಕ್ರೋಮೋಲ್ ಆಸುಪಾಸು ಬೇಕು, ಅಂದರೆ ಎಲೆಯ ಮಟ್ಟದಲ್ಲಿ 14,000 ಲಕ್ಸ್. ಆ್ಯಪ್ ಕರಾರುವಾಕ್ ಅಲ್ಲ. ಆದರೆ ಶೆಲ್ಫಿನ ಈ ಮೂಲೆಗೂ ಆ ಮೂಲೆಗೂ ಎಷ್ಟು ಫರಕು, ಈ ತಿಂಗಳಿಗೂ ಮುಂದಿನ ತಿಂಗಳಿಗೂ ಎಷ್ಟು ಇಳಿಯಿತು ಅಂತ ನೋಡಲು ಅದಕ್ಕಿಂತ ಬೇರೆ ಬೇಕಿಲ್ಲ. ನೇರಳೆ ಲೈಟಿನ ಕೆಳಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

ಬಣ್ಣದ ವಿಷಯ. ನೇರಳೆ ಲೈಟ್ ಯಾಕೆ ಬಂತು ಅಂದರೆ, ಎಲೆಯ ಹಸಿರು ಕೆಂಪು ಮತ್ತು ನೀಲಿ ಬೆಳಕನ್ನು ಜಾಸ್ತಿ ಹೀರುತ್ತದೆ. ಹಸಿರು ಬೆಳಕು ವ್ಯರ್ಥ, ಕೆಂಪು ನೀಲಿ ಎರಡೇ ಕೊಟ್ಟರೆ ಸಾಕು ಅನ್ನುವ ತರ್ಕ. ಕೇಳೋಕೆ ಚೆನ್ನಾಗಿದೆ. ಆದರೆ 1972ರಲ್ಲೇ ಮೆಕ್‌ಕ್ರೀ ಎಂಬ ವಿಜ್ಞಾನಿ 22 ಬೆಳೆಗಳ ಎಲೆಗಳ ಮೇಲೆ ಒಂದೊಂದೇ ಬಣ್ಣದ ಬೆಳಕು ಬಿಟ್ಟು ಅಳೆದು ತೋರಿಸಿದ್ದರು. ಹಸಿರು ಬೆಳಕೂ ಕೆಲಸ ಮಾಡುತ್ತದೆ, ಜನ ಅಂದುಕೊಂಡಷ್ಟು ಕಡಿಮೆಯೇನೂ ಅಲ್ಲ. ಮೇಲಿನ ಪದರ ಹೀರದೆ ಬಿಟ್ಟ ಹಸಿರು ಬೆಳಕು ಎಲೆಯ ಒಳಕ್ಕೆ ಇಳಿಯುತ್ತದೆ, ಕೆಳಗಿನ ಎಲೆಗೂ ತಲುಪುತ್ತದೆ. ಇನ್ನು ಬಿಳಿ ಎಲ್‌ಇಡಿ ಅಂದರೆ ಒಳಗಿರುವುದು ನೀಲಿ ಎಲ್‌ಇಡಿಯೇ. ಮೇಲೆ ಹಳದಿ ಫಾಸ್ಫರ್ ಬಳಿದಿರುತ್ತಾರೆ, ಅದು ನೀಲಿಯಲ್ಲಿ ಒಂದಿಷ್ಟನ್ನು ಹಸಿರು, ಹಳದಿ, ಕೆಂಪಾಗಿ ಬದಲಿಸುತ್ತದೆ. ಆ ನೀಲಿ ಎಲ್‌ಇಡಿ ಮಾಡಿದ್ದಕ್ಕೇ ಅಕಾಸಾಕಿ, ಅಮಾನೊ, ನಕಾಮುರ ಮೂವರಿಗೂ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಹಾಗಾಗಿ ಬಿಳಿ ಲೈಟಿನಲ್ಲಿ ಗಿಡಕ್ಕೆ ಬೇಕಾದ್ದೆಲ್ಲ ಇದೆ.

ನೇರಳೆಯಲ್ಲಿ ಇನ್ನೊಂದು ತಾಪತ್ರಯ. ಅದರ ಕೆಳಗೆ ಎಲೆ ಹಳದಿ ಆಗಿದ್ದು ಕಾಣುವುದಿಲ್ಲ, ಹೇನು ಕೂತಿದ್ದು ಕಾಣುವುದಿಲ್ಲ. ಎಲ್ಲ ಕಪ್ಪು ಕಪ್ಪು. ಬಿಳಿ ಲೈಟಿನಲ್ಲಿ ಗಿಡಕ್ಕೆ ಏನಾದರೂ ಆದರೆ ಅಡುಗೆಮನೆಯಿಂದಲೇ ಗೊತ್ತಾಗುತ್ತದೆ.

ಬಿಳಿಯಲ್ಲೂ ಎರಡು, ಡಬ್ಬಿಯ ಮೇಲೆ ಬೆಳಕಿನ ಬಣ್ಣವನ್ನು ಕೆಲ್ವಿನ್ ಅಂಕಿಯಲ್ಲಿ ಬರೆದಿರುತ್ತಾರೆ. ಅಂಗಡಿಯಲ್ಲಿ 'ಕೂಲ್' ಅಂತ ಕೊಡುವ 6500 ಕೆಲ್ವಿನ್‌ನಲ್ಲಿ ನೀಲಿ ಜಾಸ್ತಿ, ಗಿಡ ಗಿಡ್ಡಗೆ ದಟ್ಟವಾಗಿ ಬರುತ್ತದೆ. 'ವಾರ್ಮ್' ಅನ್ನುವ 3000 ಕೆಲ್ವಿನ್‌ನಲ್ಲಿ ಕೆಂಪು ಜಾಸ್ತಿ, ಗಿಡ ಸ್ವಲ್ಪ ಉದ್ದ ಹೋಗುತ್ತದೆ. ಸೊಪ್ಪಿಗೆ ಕೂಲ್ ಸಾಕು. ನಾಲ್ಕು ಲೈಟ್ ಇದ್ದರೆ ಮೂರು ಕೂಲ್, ಒಂದು ವಾರ್ಮ್ ಹಾಕಿಕೊಳ್ಳಿ. ಇದರ ಮೇಲೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ಮಾಡುವ ಕೆಲಸ. ನನ್ನನ್ನು ಕೇಳಿದರೆ ಮೊದಲ ಲೈಟಿಗೆ ಸೋಲ್ಡರಿಂಗ್ ಐರನ್ ಮುಟ್ಟಲೇ ಬೇಡಿ. ನಾಲ್ಕಡಿ ಉದ್ದ, ಒಂದಡಿ ಅಗಲದ ಕಬ್ಬಿಣದ ರ‍್ಯಾಕ್ ತನ್ನಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 20 ವ್ಯಾಟಿನ ನಾಲ್ಕಡಿ ಎಲ್‌ಇಡಿ ಬ್ಯಾಟನ್ ನಾಲ್ಕು ತನ್ನಿ. ಒಂದಕ್ಕೆ 200ರಿಂದ 350 ರೂಪಾಯಿ. ಡಬ್ಬಿಯ ಮೇಲೆ 2000 ಲ್ಯೂಮೆನ್ (ಲೈಟಿನಿಂದ ಹೊರಡುವ ಬೆಳಕಿನ ಅಳತೆ) ಅಥವಾ ಜಾಸ್ತಿ ಇರಲಿ, ಬಿಐಎಸ್ ಗುರುತು ಇರಲಿ, 'ಸರ್ಜ್ ಪ್ರೊಟೆಕ್ಷನ್' ಎದುರು 2.5 ಕೆವಿ ಅಥವಾ ಹೆಚ್ಚಿನದಿರಲಿ. ವೋಲ್ಟೇಜ್ ಏರಿಳಿತ ಇರುವ ಕಡೆ ಈ ಕೊನೆಯದು ಮುಖ್ಯ. ನಾಲ್ಕನ್ನೂ ಮೇಲಿನ ಹಲಗೆಯ ಅಡಿಗೆ ಮೂರು ಮೂರು ಇಂಚು ಬಿಟ್ಟು ಸ್ಕ್ರೂ ಮಾಡಿ. ಎಲೆಗೂ ಲೈಟಿಗೂ ನಡುವೆ ಒಂದು ಗೇಣು. ಅಷ್ಟೇ.

ನಾಲ್ಕೇ ಯಾಕೆ? ನಿಮ್ಮ ಶೆಲ್ಫ್ ಸುಮಾರು 0.37 ಚದರ ಮೀಟರ್. 200 ಮೈಕ್ರೋಮೋಲ್ ಬೇಕು ಅಂದರೆ ಎಲೆಯ ಮೇಲೆ 74 ಬೀಳಬೇಕು. ಅಕ್ಕಪಕ್ಕ ಚೆಲ್ಲಿಹೋಗುವುದನ್ನು ಸೇರಿಸಿ ಲೈಟಿನಿಂದ 105 ಹೊರಡಬೇಕು. ವ್ಯಾಟಿಗೆ 100 ಲ್ಯೂಮೆನ್ ಕೊಡುವ ಬಿಳಿ ಎಲ್‌ಇಡಿ ಒಂದು ವ್ಯಾಟಿಗೆ ಸುಮಾರು 1.4 ಮೈಕ್ರೋಮೋಲ್ ಕೊಡುತ್ತದೆ. ಭಾಗಿಸಿದರೆ 75 ವ್ಯಾಟ್. ನಾಲ್ಕು ಬ್ಯಾಟನ್ ಅಂದರೆ 80, ಸರಿಹೋಯಿತು. ಮೂರು ಬದಿಗೆ ಬಿಳಿ ಹಾಳೆ ಕಟ್ಟಿದರೆ ಚೆಲ್ಲುವ ಬೆಳಕು ಒಳಕ್ಕೇ ಬರುತ್ತದೆ. ನಾನು ಕಟ್ಟಿರೋದು ಹಳೇ ಫ್ಲೆಕ್ಸ್ ಬ್ಯಾನರ್, ಬಿಳಿ ಹಿಂಬದಿ ಗಿಡದ ಕಡೆಗೆ. ಹೊರಗಡೆ ಒಬ್ಬ ಮುಖಂಡರು ಕೈಮುಗಿದು ನಿಂತಿದ್ದಾರೆ, ಪರವಾಗಿಲ್ಲ. ಥರ್ಮಾಕೋಲ್ ಮಾತ್ರ ಲೈಟಿನ ಹತ್ತಿರ ಬೇಡ, ಬೇಗ ಬೆಂಕಿ ಹಿಡಿಯುತ್ತದೆ.

ಇಷ್ಟು ಮಾಡಿ ಒಂದು ಬೆಳೆ ತೆಗೆದ ಮೇಲೆ, ಕೈ ತುರಿಸಿದರೆ ಸ್ವಂತದ್ದು ಮಾಡಿ.

ಸ್ವಂತಕ್ಕೆ ನಾನು ಹೇಳೋದು 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್. ಸಾಮಾನು ಎಲ್ಲ ಊರಲ್ಲೂ ಸಿಗುತ್ತದೆ, ಬೋರ್ಡ್ ಮಾಡುವವರ ಹತ್ತಿರ, ಸಿಸಿಟಿವಿ ಹಾಕುವವರ ಹತ್ತಿರ. ಅದಕ್ಕಿಂತ ಮುಖ್ಯ, 12 ವೋಲ್ಟನ್ನು ಒದ್ದೆ ಕೈಯಲ್ಲಿ ಮುಟ್ಟಿದರೂ ಶಾಕ್ ಹೊಡೆಯುವುದಿಲ್ಲ. ಎರಡಡಿಗೆ ಒಂದಡಿ ಜಾಗಕ್ಕೆ ಲೆಕ್ಕ ಹೇಳುತ್ತೇನೆ. ಮೀಟರಿಗೆ 14 ವ್ಯಾಟ್ ಆಸುಪಾಸಿನ ಬಿಳಿ ಸ್ಟ್ರಿಪ್ ತಗೊಳ್ಳಿ. 60 ಸೆಂಟಿಮೀಟರಿನ ಆರು ತುಂಡು ಮಾಡಿ. ಕತ್ತರಿ ಗುರುತು ಇರುವಲ್ಲೇ ಕತ್ತರಿಸಬೇಕು. ಒಟ್ಟು 50 ವ್ಯಾಟ್ ಆಯಿತು, ಅಂದರೆ ನಾಲ್ಕು ಆಂಪಿಯರ್ ಚಿಲ್ಲರೆ. ಮೇಲೆ ಸಿಲಿಕೋನ್ ಬಳಿದ ವಾಟರ್‌ಪ್ರೂಫ್ ಸ್ಟ್ರಿಪ್ ಬೇಡ. ಅದು ಕಾವನ್ನು ಒಳಗೇ ಹಿಡಿದಿಡುತ್ತದೆ, ಬರಬರುತ್ತಾ ಹಳದಿ ಆಗುತ್ತದೆ. ಬರಿಯ ಸ್ಟ್ರಿಪ್ ತಗೊಂಡು ನೀರು ಚಿಮ್ಮದ ಹಾಗೆ ನೋಡಿಕೊಳ್ಳಿ.

ಸ್ಟ್ರಿಪ್ಪನ್ನು ಸುಮ್ನೆ ಹಲಗೆಗೆ ಅಂಟಿಸಬೇಡಿ. ಇಲ್ಲೇ ಹೆಚ್ಚಿನವರು ಎಡವೋದು. ಎಲ್‌ಇಡಿಯ ಕಾವು ಮುಂದಕ್ಕೆ ಹೋಗುವುದಿಲ್ಲ, ಬೆನ್ನಿನಿಂದ ಹೋಗುತ್ತದೆ. ಬೆನ್ನಿಗೆ ಅಲ್ಯೂಮಿನಿಯಂ ಇರಬೇಕು. ಅಲ್ಯೂಮಿನಿಯಂ ಕಿಟಕಿ ಮಾಡುವ ಅಂಗಡಿಗೆ ಹೋಗಿ ಉಳಿದ ತುಂಡು 'ಸೆಕ್ಷನ್' ಕೇಳಿ, ಕೆಜಿ ಲೆಕ್ಕದಲ್ಲಿ ಕೊಡುತ್ತಾರೆ. ಒಂದಿಂಚು ಎರಡಿಂಚಿನ ಪೈಪಿನಂಥದ್ದು ಸಿಕ್ಕರೆ ಬಲು ಒಳ್ಳೆಯದು, ಒಳಗೆ ಗಾಳಿಯೂ ಆಡುತ್ತದೆ. ಸ್ಪಿರಿಟ್ ಹಾಕಿ ಒರೆಸಿ, ಸ್ಟ್ರಿಪ್ ಅಂಟಿಸಿ, ಆಮೇಲೆ ಎರಡೂ ತುದಿಗೆ ಮತ್ತು ನಡುವೆ ಪ್ಲಾಸ್ಟಿಕ್ ಕ್ಲಿಪ್ ಹಾಕಿ ಸ್ಕ್ರೂ ಬಿಗಿಯಿರಿ. ಬರೀ ಅಂಟಿನ ಮೇಲೆ ಬಿಟ್ಟರೆ ಏಪ್ರಿಲ್‌ನಲ್ಲಿ ಅಂಟು ಕರಗಿ ಸ್ಟ್ರಿಪ್ ಕೊತ್ತಂಬರಿ ಮೇಲೆ ಜೋಲಾಡುತ್ತದೆ. ನನ್ನ ಮೊದಲ ಲೈಟ್ ಹಾಗೇ ಜೋಲಾಡಿತ್ತು.

ಆರು ತುಂಡನ್ನೂ ಮಾಲೆ ಮಾಡಬೇಡಿ. ಪ್ರತಿ ತುಂಡಿಗೂ ಬೇರೆ ಬೇರೆ ವೈರ್ ಎಳೆದು ಒಂದೇ ಕಡೆ ಸೇರಿಸಿ. ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದರೆ ಕೊನೆಯ ತುಂಡಿಗೆ ವೋಲ್ಟೇಜ್ ಇಳಿದು ಮಂಕಾಗುತ್ತದೆ. ಮುಖ್ಯ ವೈರ್ ಒಂದು ಸ್ಕ್ವೇರ್ ಎಂಎಂ ಇರಲಿ. ನಡುವೆ 7.5 ಆಂಪಿಯರ್ ಫ್ಯೂಸ್ ಹಾಕಿ, ಬೈಕು ಕಾರಿನ ಸ್ಪೇರ್ ಪಾರ್ಟ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ.

ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್, 50 ವ್ಯಾಟಿಗೆ 60 ವ್ಯಾಟಿನದ್ದು ಸಾಕಲ್ವಾ ಅಂತ ಅಂಗಡಿಯವರು ಹೇಳಬಹುದು. ಸಾಲದು. 100 ವ್ಯಾಟಿನದ್ದು ತನ್ನಿ. ಈ ಸಪ್ಲೈಗಳ ಮೇಲೆ ಬರೆದ ವ್ಯಾಟ್ ಸಾಮಾನ್ಯವಾಗಿ 50 ಡಿಗ್ರಿ ತನಕ ಮಾತ್ರ. ಅದರ ಮೇಲೆ ಹೋದರೆ ತಾಕತ್ತು ಇಳಿಯುತ್ತಾ ಹೋಗುತ್ತದೆ. ಹೊರಗೆ 42 ಇರುವ ದಿನ ರ‍್ಯಾಕಿನ ನೆತ್ತಿಯ ಮೇಲೆ, ಗೋಡೆ ಮೂಲೆಯಲ್ಲಿ, ಒಂದು ತಗಡಿನ ಡಬ್ಬಿಯೊಳಗೆ 50 ದಾಟೋದು ಕಷ್ಟವೇ? ಸಪ್ಲೈಯನ್ನು ರ‍್ಯಾಕಿನ ಮೇಲೆ ಇಡಬೇಡಿ, ಪಕ್ಕದ ಗೋಡೆಗೆ ನೀರು ಚಿಮ್ಮದ ಎತ್ತರದಲ್ಲಿ ನಿಲ್ಲಿಸಿ.

ಆ ಸಪ್ಲೈಯ ಟರ್ಮಿನಲ್ ಪಕ್ಕ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಸುತ್ತ ಪ್ಲಾಸ್ಟಿಕ್. ವೋಲ್ಟೇಜ್ ಸರಿಪಡಿಸುವ ಕಿವಿ ಅದು. ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ಸ್ಟ್ರಿಪ್ಪಿನಲ್ಲಿ ಮೂರು ಮೂರು ಎಲ್‌ಇಡಿ ಒಂದು ಗುಂಪು. ಒಂದೊಂದು ಸುಮಾರು ಮೂರು ವೋಲ್ಟ್ ಕುಡಿಯುತ್ತದೆ, ಒಂಬತ್ತಾಯಿತು. ಉಳಿದ ಮೂರು ವೋಲ್ಟ್ ಪಕ್ಕದ ರೆಸಿಸ್ಟರಿನಲ್ಲಿ ಬರೀ ಕಾವಾಗಿ ಹೋಗುತ್ತದೆ. ಈಗ ಮಲ್ಟಿಮೀಟರ್ ಹಿಡಿದು ಆ ಕಿವಿ ಹಿಂಡಿ 12ನ್ನು 11.5ಕ್ಕೆ ಇಳಿಸಿದರೆ, ರೆಸಿಸ್ಟರಿನ ಪಾಲಿನ ಮೂರು ವೋಲ್ಟ್ ಎರಡೂವರೆ ಆಗುತ್ತದೆ. ಕರೆಂಟ್ ಸುಮಾರು 15 ಪರ್ಸೆಂಟ್ ಇಳಿಯುತ್ತದೆ, ಕಾವು ಅದಕ್ಕಿಂತ ಜಾಸ್ತಿ ಇಳಿದ ಹಾಗೆ ಕೈಗೆ ತಿಳಿಯುತ್ತದೆ. ಬೆಳಕು ಸ್ವಲ್ಪ ಕಡಿಮೆ ಆಗುತ್ತದೆ, ಅದಕ್ಕೆ ಒಂದು ತುಂಡು ಸ್ಟ್ರಿಪ್ ಜಾಸ್ತಿ ಹಾಕಿ. ಕಡಿಮೆ ಎಲ್‌ಇಡಿಯನ್ನು ಜೋರಾಗಿ ಉರಿಸುವುದಕ್ಕಿಂತ ಹೆಚ್ಚು ಎಲ್‌ಇಡಿಯನ್ನು ಮೆಲ್ಲಗೆ ಉರಿಸುವುದು ನಮ್ಮ ಊರಿಗೆ ಸರಿ. ಮಾರ್ಚಿನಿಂದ ಜೂನ್ ತನಕ ನನ್ನದು 11.5ರಲ್ಲೇ ಇರುತ್ತದೆ.

ಕಾವು ಸರಿಯಿದೆಯೇ ಅಂತ ನೋಡಲು ಥರ್ಮಾಮೀಟರ್ ಬೇಡ. ಎರಡು ತಾಸು ಉರಿಸಿ, ಅಲ್ಯೂಮಿನಿಯಂ ಬೆನ್ನಿಗೆ ಅಂಗೈ ಒತ್ತಿ. ಹತ್ತು ಎಣಿಸುವ ತನಕ ಕೈ ಇಡಲಿಕ್ಕಾದರೆ ಪರವಾಗಿಲ್ಲ. ಮೂರಕ್ಕೇ ಕೈ ತೆಗೆದರೆ ಇನ್ನಷ್ಟು ಅಲ್ಯೂಮಿನಿಯಂ ಬೇಕು, ಇಲ್ಲವೇ ಕಂಪ್ಯೂಟರಿನ ಹಳೇ 12 ವೋಲ್ಟ್ ಫ್ಯಾನ್ ಒಂದನ್ನು ಕಟ್ಟಿ. ಎರಡು ವ್ಯಾಟ್ ತಿನ್ನುತ್ತದೆ. ಎಲೆಗಳೂ ಅಲ್ಲಾಡುತ್ತವೆ, ದಂಟು ಗಟ್ಟಿಯಾಗುತ್ತದೆ. ಈ ಪರೀಕ್ಷೆ 12 ವೋಲ್ಟಿನ ಲೈಟಿಗೆ ಮಾತ್ರ. ಯಾಕೆ ಅಂತ ಹೇಳುತ್ತೇನೆ.

ಮಾರುಕಟ್ಟೆಯಲ್ಲಿ 50 ವ್ಯಾಟಿನ ಒಂದು ಚೌಕ ಪ್ಲೇಟ್ ಸಿಗುತ್ತದೆ. ಅಂಗೈಗಿಂತ ಚಿಕ್ಕದು, ಬೇರೆ ಪವರ್ ಸಪ್ಲೈ ಬೇಡ, ನೇರ 230 ವೋಲ್ಟಿಗೆ ಕೊಟ್ಟರೆ ಉರಿಯುತ್ತದೆ. ನೂರಿನ್ನೂರು ರೂಪಾಯಿ. ನೋಡಿದ ತಕ್ಷಣ ಆಸೆ ಆಗುತ್ತದೆ. ನನಗೂ ಆಗಿತ್ತು. ಎರಡು ತಂದು ಅಲ್ಯೂಮಿನಿಯಂ ಪಟ್ಟಿಗೆ ಬಿಗಿದು ಪುದೀನದ ಮೇಲೆ ತೂಗಿಬಿಟ್ಟೆ. ಮೂರು ವಾರ ಚೆನ್ನಾಗಿತ್ತು. ಒಂದು ದಿನ ನೀರು ಚಿಮುಕಿಸಿ ಒದ್ದೆ ಕೈಯಲ್ಲಿ ಪಟ್ಟಿ ಸರಿಸಲು ಹೋದೆ. ಮೊಣಕೈ ತನಕ ಜುಮ್ಮೆಂದಿತು, ಅಷ್ಟರಲ್ಲಿ ಮನೆಯ ಕರೆಂಟೇ ಹೋಯಿತು. ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್, ಟ್ರಿಪ್ ಆಗಿತ್ತು. ಅದಿಲ್ಲದಿದ್ದರೆ ಈ ಉತ್ತರ ಬರೆಯುವವನು ಇರುತ್ತಿದ್ದನೋ ಇಲ್ಲವೋ. ಆಮೇಲೆ ಬೇರೆ ಸಾಲಿನಿಂದ ಕರೆಂಟ್ ಕೊಟ್ಟು ಟೆಸ್ಟರ್ ಇಟ್ಟು ನೋಡಿದರೆ ಅಲ್ಯೂಮಿನಿಯಂ ಪಟ್ಟಿಯ ಎಲ್ಲಿ ಇಟ್ಟರೂ ಟೆಸ್ಟರ್ ಕೆಂಪಗೆ ಹೊಳೆಯುತ್ತಿತ್ತು. ಆ ಪ್ಲೇಟಿನಲ್ಲಿ 230 ವೋಲ್ಟಿಗೂ ನಿಮ್ಮ ಕೈಗೂ ನಡುವೆ ಇರುವುದು ಕಾಗದದಷ್ಟು ತೆಳ್ಳಗಿನ ಒಂದು ಪದರ. ಕಾದು ಕಾದು ಅದು ಬಿರುಕು ಬಿಟ್ಟಿತ್ತು.

ನೀರು ಇರುವ ಜಾಗಕ್ಕೆ ಅದು ಬೇಡವೇ ಬೇಡ. ಬ್ಯಾಟನ್ ಹಾಕಿದರೂ ಕಬ್ಬಿಣದ ರ‍್ಯಾಕಿಗೆ ಹಸಿರು ಅರ್ಥ್ ವೈರ್ ಒಂದು ಬೋಲ್ಟ್ ಹಾಕಿ ಕಟ್ಟಿ. ಬಾಡಿಗೆ ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ನೋಡಿ. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ. ಲೈಟಿಗೆ ಖರ್ಚು ಮಾಡುವ ಮುಂಚೆ ಇದಕ್ಕೆ ಮಾಡಿ.

ಈಗ ಶುರುವಿಗೆ ಹೇಳಿದ ತಂಪಿನ ವಿಷಯ. ಕೊತ್ತಂಬರಿಗೆ 20ರಿಂದ 25 ಡಿಗ್ರಿ ಹಿತ. 30 ದಾಟಿದರೆ ಬೀಜ ಸರಿಯಾಗಿ ಮೊಳೆಯುವುದಿಲ್ಲ, ಮೊಳೆತದ್ದು ಎಲೆ ಬಿಡುವ ಬದಲು ಹೂವಿಗೆ ಹೋಗುತ್ತದೆ. ಮಧ್ಯಾಹ್ನ ನಿಮ್ಮ ರೂಮು 38 ಇರುವಾಗ ಅದರ ಮೇಲೆ 80 ವ್ಯಾಟ್ ಲೈಟ್ ಹಾಕಿದರೆ ಏನಾಗುತ್ತದೆ? ಆ 80 ವ್ಯಾಟ್ ಕೊನೆಗೆ ಪೂರ್ತಿ ಕಾವಾಗಿಯೇ ರೂಮಿನಲ್ಲಿ ಉಳಿಯುತ್ತದೆ. ಗಿಡಕ್ಕೆ ಗಡಿಯಾರ ಗೊತ್ತಿಲ್ಲ. ನೀವು ಲೈಟ್ ಹಾಕಿದಾಗ ಅದಕ್ಕೆ ಹಗಲು. ಹಾಗಿದ್ದ ಮೇಲೆ ಹಗಲನ್ನು ರಾತ್ರಿಗೆ ಸರಿಸಿ.

ಎಷ್ಟು ಗಂಟೆಗೆ? ಸಂಜೆ ಏಳಕ್ಕೆ ಅಂತ ನಾನೂ ಶುರು ಮಾಡಿದ್ದೆ. ತಪ್ಪು. ನಿಮ್ಮದು ಮೇಲಿನ ಮಹಡಿ, ತಲೆಯ ಮೇಲೆ ಆರ್‌ಸಿಸಿ ಸ್ಲ್ಯಾಬ್. ಹಗಲೆಲ್ಲ ಕುಡಿದ ಬಿಸಿಲನ್ನು ಅದು ಸಂಜೆ ಒಳಕ್ಕೆ ಉಗುಳುತ್ತದೆ. ಬೇಸಿಗೆಯಲ್ಲಿ ರಾತ್ರಿ ಎಂಟಕ್ಕೆ ಗೋಡೆ ಮುಟ್ಟಿ ನೋಡಿ, ಹಂಚು ಕಾದ ಹಾಗಿರುತ್ತದೆ. ಅದಕ್ಕೇ ರಾತ್ರಿ 9ರಿಂದ ಬೆಳಿಗ್ಗೆ 9ರ ತನಕ ಲೈಟ್ ಇಡಿ. ನಸುಕಿನ ತಂಪು ಪೂರ್ತಿ ಗಿಡಕ್ಕೆ ಸಿಗುತ್ತದೆ. ಎಲ್‌ಇಡಿಯೂ ಸಪ್ಲೈಯೂ ಜಾಸ್ತಿ ಬಾಳುತ್ತವೆ. ಮಲಗುವ ಕೋಣೆಯಲ್ಲಿ ಮಾತ್ರ ಇಡಬೇಡಿ, ಮನೆಯವರ ನಿದ್ದೆ ಕೆಡುತ್ತದೆ.

ಕೊತ್ತಂಬರಿಗೆ 12 ತಾಸಿಗಿಂತ ಜಾಸ್ತಿ ಬೇಡ. ಹಗಲು ಉದ್ದ ಆದಷ್ಟೂ ಅದು ಹೂವಿಗೆ ಅವಸರ ಮಾಡುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಬೆಳಿಗ್ಗೆ ಲೈಟ್ ಆರಿಸಿದ ಮೇಲೂ ಕಿಟಕಿಯಿಂದ ಬೆಳಕು ಬರುತ್ತದಲ್ಲ? ಬೆಳೆಯೋದಕ್ಕೆ ಅದು ಸಾಲದು, ಆದರೆ 'ಇನ್ನೂ ಹಗಲಿದೆ' ಅಂತ ಗಿಡ ತಿಳಿಯಲು ಅಷ್ಟು ಸಾಕು. ರಾತ್ರಿ ಲೈಟು, ಹಗಲು ಕಿಟಕಿ, ಒಟ್ಟಿಗೆ ಹೆಚ್ಚುಕಮ್ಮಿ 24 ತಾಸು ಹಗಲಾಗಿಬಿಡುತ್ತದೆ. ಅದಕ್ಕೆ ಬೆಳಿಗ್ಗೆ 9ಕ್ಕೆ ರ‍್ಯಾಕಿನ ಮೇಲೆ ಕಡು ಬಣ್ಣದ ಹಳೇ ಕೌದಿನೋ ಬೆಡ್‌ಶೀಟೋ ಇಳಿಬಿಡಿ, ಕೆಳಗೆ ಗಾಳಿಗೆ ಒಂದು ಗೇಣು ಬಿಡಿ. ಪುದೀನ, ಮೆಂತ್ಯಕ್ಕೆ ಇಷ್ಟೆಲ್ಲ ಬೇಡ, 14 ತಾಸು ಕೊಟ್ಟರೂ ನಡೆಯುತ್ತದೆ.

ಏರ್ ಕೂಲರ್ ಇದ್ದರೆ ಅದೇ ರೂಮಿನಲ್ಲಿ ರ‍್ಯಾಕ್ ಇಡಿ. ನಮ್ಮ ಒಣ ಸೆಕೆಗೆ ಕೂಲರ್ ಎಂಟು ಹತ್ತು ಡಿಗ್ರಿ ಇಳಿಸುತ್ತದೆ. ಗಾಳಿ ಮಾತ್ರ ಸಸಿಯ ಮುಖಕ್ಕೇ ಬಡಿಯಬಾರದು. ಇಷ್ಟು ಮಾಡಿದರೂ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ಮಳೆ ತನಕ ಕೊತ್ತಂಬರಿ ಹಟ ಮಾಡುತ್ತದೆ. ಆ ಆರು ವಾರ ರಾಜಗಿರಿ, ಬಸಳೆ, ಪುದೀನ ಹಾಕಿ, ಅವಕ್ಕೆ ಸೆಕೆ ತಡೆಯುವ ಗುಣ ಇದೆ. ನವೆಂಬರಿನಿಂದ ಫೆಬ್ರವರಿ ತನಕ ಏನು ಹಾಕಿದರೂ ಬರುತ್ತದೆ. ಶುರು ಮಾಡಲು ಆಗ ಒಳ್ಳೆಯದು.

ಟೈಮರ್ ಬೇಕೇ ಬೇಕು. ಗಿರಗಿರ ತಿರುಗುವ ಮೆಕ್ಯಾನಿಕಲ್ ಟೈಮರ್ ಅಗ್ಗ, ಆದರೆ ಕರೆಂಟ್ ಹೋದಾಗ ಅದರ ಗಡಿಯಾರವೂ ನಿಲ್ಲುತ್ತದೆ. ಎರಡು ತಾಸು ಕರೆಂಟ್ ಹೋದರೆ ನಿಮ್ಮ 9 ಗಂಟೆ 11 ಆಗುತ್ತದೆ, ವಾರದಲ್ಲಿ ಹಗಲು ರಾತ್ರಿ ಅದಲು ಬದಲು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನಿ. ಇನ್ವರ್ಟರಿಗೆ ಲೈಟ್ ಕೊಡಬೇಡಿ. ಒಂದೆರಡು ತಾಸು ಬೆಳಕು ತಪ್ಪಿದರೆ ಗಿಡ ಸಾಯುವುದಿಲ್ಲ, ಬ್ಯಾಟರಿ ಸಾಯುತ್ತದೆ.

ಬಿಲ್ ಲೆಕ್ಕ ಸುಲಭ. 80 ವ್ಯಾಟ್, ದಿನಕ್ಕೆ 12 ತಾಸು, ತಿಂಗಳಿಗೆ 29 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 175 ರೂಪಾಯಿ ಹತ್ತಿರ. ಗೃಹಜ್ಯೋತಿಯಲ್ಲಿ ಇದ್ದರೆ ಒಮ್ಮೆ ಹಳೇ ಬಿಲ್ ತೆಗೆದು ನೋಡಿ. ನಿಮಗೆ ಗೊತ್ತುಮಾಡಿದ ಯೂನಿಟ್ಟಿನ ಮೇಲೆ ಹೋದದ್ದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಕೂಲರ್ ಓಡುವ ತಿಂಗಳಲ್ಲಿ ಈ 29 ಯೂನಿಟ್ಟೇ ನಿಮ್ಮನ್ನು ಗೆರೆ ದಾಟಿಸಬಹುದು. ದುಡ್ಡಿನ ಲೆಕ್ಕ ಮಾತ್ರ ನೋಡಿದರೆ ಹೆಚ್ಚಿನ ದಿನ ಸಂತೆಯ ಕೊತ್ತಂಬರಿಯೇ ಅಗ್ಗ, ಸುಳ್ಳು ಹೇಳುವುದಿಲ್ಲ. ಬೇಸಿಗೆಯಲ್ಲಿ ಒಂದು ಸಿವುಡಿನ ರೇಟ್ ಏರಿದಾಗ ಲೆಕ್ಕ ನಿಮ್ಮ ಕಡೆ ವಾಲುತ್ತದೆ.

ಮೆಣಸಿನಕಾಯಿ. ಸಸಿ ಮಾಡಲು ಈ ಲೈಟ್ ಬಹಳ ಒಳ್ಳೆಯದು. ಸೆಕೆ ಅದಕ್ಕೆ ಇಷ್ಟ, 14 ತಾಸು ಕೊಡಿ, ಐದಾರು ವಾರಕ್ಕೆ ಗೇಣುದ್ದದ ಗಟ್ಟಿ ಸಸಿ ಆಗುತ್ತದೆ. ಆದರೆ ಒಳಗೇ ಕಾಯಿ ಬಿಡಿಸುತ್ತೇನೆ ಅಂದರೆ ಸೊಪ್ಪಿಗಿಂತ ಎರಡು ಪಟ್ಟು ಬೆಳಕು ಬೇಕು. ಎಂಟು ಬ್ಯಾಟನ್ ಹಾಕಿ ಹತ್ತು ಮೆಣಸಿನಕಾಯಿ ಕಿತ್ತರೆ ಏನು ಬಂತು? ಸಸಿಯನ್ನು ಹಳ್ಳಿಯ ಮನೆಗೋ, ಗೆಳೆಯರ ಹಿತ್ತಲಿಗೋ ಕೊಡಿ. ಕೊಡುವ ಮುಂಚೆ ಒಂದು ವಾರ ಅದಕ್ಕೆ ಬಿಸಿಲಿನ ರೂಢಿ ಮಾಡಿಸಿ. ಮೊದಲ ದಿನ ಬೆಳಿಗ್ಗೆ ಅರ್ಧ ತಾಸು, ಆಮೇಲೆ ದಿನಾ ಅರ್ಧರ್ಧ ತಾಸು ಜಾಸ್ತಿ. ಲೈಟಿನ ಕೆಳಗೆ ಬೆಳೆದ ಎಲೆಯನ್ನು ಒಮ್ಮೆಲೇ ಹತ್ತು ಪಟ್ಟು ಜೋರಿನ ರಾಯಚೂರು ಬಿಸಿಲಿಗೆ ಇಟ್ಟರೆ ಸಂಜೆಗೆ ಬಿಳಿ ಮಚ್ಚೆ ಬಿದ್ದು ಸುಟ್ಟಿರುತ್ತದೆ.

ಇನ್ನು ಆ ಹಳೇ ನೇರಳೆ ಲೈಟ್. ಗುಜರಿಗೆ ಹಾಕಬೇಡಿ. ಪ್ಲಗ್ ಕಿತ್ತು ಒಂದು ದಿನ ಹಾಗೇ ಬಿಡಿ, ಒಳಗಿನ ಕೆಪ್ಯಾಸಿಟರ್ ಖಾಲಿಯಾಗಲಿ. ಆಮೇಲೆ ಸ್ಕ್ರೂ ಬಿಚ್ಚಿ, ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ಇಟ್ಟು ಆರಿದ ಸಾಲಿನ ಬೀಡ್‌ಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋಗಿ. ಬದುಕಿರುವ ಕೆಂಪು ಬೀಡ್ ಸಣ್ಣಗೆ ಮಿಣುಕುತ್ತದೆ. ಕೆಂಪಿನಲ್ಲಿ ಯಾವುದು ಸುಮ್ಮನಿರುತ್ತದೋ ಅದರ ಮೇಲೆ ಅನುಮಾನ ಪಡಿ, ನೀಲಿ ಬೀಡ್ ಬದುಕಿದ್ದರೂ ಕೆಲವು ಮೀಟರಿಗೆ ಮಿಣುಕದೇ ಇರಬಹುದು. ಕಳ್ಳ ಸಿಕ್ಕಿದ ಮೇಲೆ ಅದನ್ನು ಬದಲಿಸಿದರೆ ಸಾಲು ಮತ್ತೆ ಹತ್ತುತ್ತದೆ, ನಿಮ್ಮ ಸೋಲ್ಡರಿಂಗಿಗೂ ಅಭ್ಯಾಸ ಆಗುತ್ತದೆ. ಆಗಲಿಲ್ಲವೆಂದರೂ ಬೆನ್ನಿಗೆ ಒಳ್ಳೆ ದಪ್ಪ ಅಲ್ಯೂಮಿನಿಯಂ ಇರುತ್ತದೆ, ಜೊತೆಗೆ ಒಂದೋ ಎರಡೋ ಫ್ಯಾನ್. ಅವೆರಡನ್ನೂ ಬಿಚ್ಚಿ ತೊಳೆದು ಒರೆಸಿಟ್ಟುಕೊಳ್ಳಿ. ಸ್ಟ್ರಿಪ್ ತಂದ ದಿನ ಮೊದಲು ಬೇಕಾಗುವುದು ಅವೇ.